ತಗಡಿನ ಎಂಜಿನ್ನಿನ ಉಸಿರು

ಈ ಕೆಲಸದ ಬಗ್ಗೆ ನನ್ನ ಬಳಿ ಎರಡು ದಾಖಲೆಗಳಿವೆ. ಒಂದು ಅಂಗಡಿಯ ರಿಪೇರಿ ನೋಟುಬುಕ್ಕು, ಇನ್ನೊಂದು ನನ್ನ ನೆನಪು. ಇವೆರಡೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ತಾಳೆಯಾಗದ ಕಡೆ ನೋಟುಬುಕ್ಕನ್ನೇ ನಂಬಿ ಬರೆದಿದ್ದೇನೆ. ಆದರೆ ನೋಟುಬುಕ್ಕಿನಲ್ಲಿ ಇರುವುದು ರೆಸಿಸ್ಟರುಗಳ ಅಳತೆ, ಕೆಟ್ಟ ಭಾಗಗಳ ಪಟ್ಟಿ, ಅಷ್ಟೇ. ಯಾರು ಏನು ಅಂದರು ಎನ್ನುವುದೆಲ್ಲ ನೆನಪಿನ ಪಾಲಿಗೆ ಬಂದಿದೆ. ಅಷ್ಟು ಎಚ್ಚರಿಕೆಯಿಂದ ಓದಬೇಕು.

ಎಂಬತ್ತರ ದಶಕ ಮುಗಿಯುತ್ತಿತ್ತು. ಅಫಜಲಪುರದ ಬಸ್ ನಿಲ್ದಾಣದ ಎದುರು ನನ್ನದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬಂದವನು ಹರಿದ ಸ್ಪೀಕರಿಗೆ ಕಾಗದ ಅಂಟಿಸುತ್ತ ಕೂತದ್ದು ಊರಿಗೆ ತಮಾಷೆಯಾಗಿತ್ತು. ಒಂದು ದಿನ ಬಿಳಿ ಅಂಗಿ, ಬಿಳಿ ಟೋಪಿಯ ಹಿರಿಯರೊಬ್ಬರು ಬಂದು, "ಸತ್ತ ಟೇಪಿನ ಮೋಟಾರ್ ಅದ ಏನ್ರಿ? ತಿರುಗಿದ್ರ ಸಾಕು, ಹಾಡೂದು ಬ್ಯಾಡ" ಎಂದರು. ಉಗಿ ಎಂಜಿನ್ ಓಡಿಸಿ ನಿವೃತ್ತರಾದ ಡ್ರೈವರ್ ಎಂದು ಆಮೇಲೆ ತಿಳಿಯಿತು. ಎಲ್ಲರೂ ಅವರನ್ನು ಡ್ರೈವರ್ ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಮೋಟಾರ್ ಯಾತಕ್ಕೆ ಎಂದು ನೋಡಲು ಅವರ ಮನೆಗೆ ಹೋದೆ. ಪಡಸಾಲೆಯ ತುಂಬ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಾಡಿದ ಹಳಿ, ಬೆಂಕಿಪೆಟ್ಟಿಗೆಯ ಕಟ್ಟಿಗೆಯಷ್ಟು ಸಣ್ಣ ಸ್ಲೀಪರುಗಳು, ಒಂದು ಸ್ಟೇಷನ್ನು, ಎಂಜಿನ್ನಿಗೆ ನೀರು ತುಂಬುವ ಕಂಬ, ಒಂದು ಗೇಟು. ಗೇಟಿನಾಚೆ ತೊಗರಿ ಹೊಲ, ಅದಕ್ಕೆ ಬಣ್ಣ ಹಚ್ಚಿದ ಕಟ್ಟಿಗೆ ಪುಡಿ. ಎಂಜಿನ್ ಒಂದು ಗೇಣು ಉದ್ದ, ಪೂರ್ತಿ ತಗಡಿನದು. ಹಳಿಗೆ ಕೊಟ್ಟ ಹನ್ನೆರಡು ವೋಲ್ಟಿನಿಂದ ಒಳಗಿನ ಟೇಪ್ ಮೋಟಾರ್ ತಿರುಗಿ ಅದು ಓಡಬೇಕಿತ್ತು. ನನ್ನ ಮೋಟಾರ್ ಕೂಡಿಸಿದಾಗ ಓಡಿತು. ಕಾಕಾ ಎರಡು ಸುತ್ತು ನೋಡಿ ಸ್ವಿಚ್ ಆರಿಸಿದರು.

"ಮೂಕ ಅದ" ಎಂದರು.

ಈ ಹಲಗೆಯನ್ನು ಜೇವರ್ಗಿ ತಾಲೂಕಿನ ಒಂದು ಶಾಲೆಗೆ ಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ಆ ಶಾಲೆಯ ಮುಖ್ಯ ಅಕ್ಕೋರು, ಅಂದರೆ ಮುಖ್ಯ ಶಿಕ್ಷಕಿ, ಕಾಕುವಿನ ತವರಿನ ಕಡೆಯವರು. ಕಾಕು ಎಂದರೆ ಕಾಕಾನ ಹೆಂಡತಿ. ಅಕ್ಕೋರು ತಮ್ಮ ಮಕ್ಕಳಲ್ಲಿ ರೈಲು ನೋಡಿದವರು ಕೈ ಎತ್ತಿ ಎಂದಾಗ ನಾಲ್ಕೇ ಕೈ ಎದ್ದವಂತೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಹಲಗೆ ಅಲ್ಲಿರಬೇಕಿತ್ತು. ಕಾಕಾನದು ಒಂದೇ ಶರತ್ತು.

"ಎರಡು ವರ್ಷ ಕೂತು ಮಾಡೇನಿ. ಕೊಡೂಕಿಂತ ಮೊದಲ ಈ ಮನ್ಯಾಗ ಒಮ್ಮೆ ಅದು ಉಸುರು ಬಿಡೂದು ನಾ ಕೇಳಬೇಕು. ಆಮ್ಯಾಲೆ ಒಯ್ಲಿ. ಮೂಕ ಎಂಜಿನ್ ಕೊಡೂದಿಲ್ಲ. ಮಾಡ್ತೀರೇನು, ಎಮ್ಮೆಸ್ಸಿ ಸಾಹೇಬ್ರ?"

ಮಾಡುತ್ತೇನೆ ಎಂದೆ. ಹೊಸ ಸಾಮಾನು ತರುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಸತ್ತ ರೇಡಿಯೋಗಳಿಂದಲೇ ಎಲ್ಲ ಹೊಂದಿಸಬೇಕೆಂದು ಮಾತಾಯಿತು.

ಮೊದಲು ಸುಲಭದ ದಾರಿ ಹಿಡಿದೆ. ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಗಾಣಗಾಪುರ ರೋಡ್ ಸ್ಟೇಷನ್ನಿಗೆ ಹೋದೆ. ಆ ದಾರಿಯಲ್ಲಿ ಆಗಲೇ ಉಗಿ ಎಂಜಿನ್ ನಿಂತುಹೋಗಿ ಕೆಲವು ವರ್ಷಗಳಾಗಿದ್ದವು. ಅದು ನನಗೆ ಗೊತ್ತಿತ್ತು. ಒಂದಾದರೂ ಬಂದೀತು ಎಂದು ಯಾಕೆ ಅಂದುಕೊಂಡೆನೋ ತಿಳಿಯದು. ಬಂದವೆಲ್ಲ ಡೀಸೆಲ್. ಚಹಾದ ಅಂಗಡಿಯ ಹತ್ತಿರ ಕೂತಿದ್ದ ಹಮಾಲನೊಬ್ಬ ನನ್ನ ಕಷ್ಟ ಕೇಳಿ, "ಅದಕ್ಕ್ಯಾಕ ಇಷ್ಟು ತ್ರಾಸ್? ನಾ ಮಾಡಿ ತೋರಸ್ತೇನಿ, ಚಾಲೂ ಮಾಡ್ರಿ" ಎಂದ. ಮೈಕಿನ ಎದುರು ಬಾಯಿಂದಲೇ ಒಂದು ಗಾಡಿ ಹೊರಡಿಸಿದ. ಚೆನ್ನಾಗಿಯೇ ಮಾಡಿದ. ಪಕ್ಕದಲ್ಲಿದ್ದ ಇನ್ನೊಬ್ಬ, "ಏ, ಹಂಗಲ್ಲಲೇ" ಎಂದು ತಾನೊಂದು ಗಾಡಿ ಬಿಟ್ಟ. ಅದು ಬೇರೆಯೇ ಇತ್ತು. ದತ್ತನ ದರ್ಶನ ಮುಗಿಸಿ ಬಂದ ಯಾತ್ರಿಕರೊಬ್ಬರು ಇಬ್ಬರದೂ ತಪ್ಪೆಂದು ಮೂರನೆಯದನ್ನು ಹೊರಡಿಸಿದರು. ಮೂವರೂ ವರ್ಷಗಟ್ಟಲೆ ಅದೇ ಎಂಜಿನ್ ಕೇಳಿದವರು.

ಮೊದಲನೆಯವನದನ್ನು ಆರಿಸಿ ಕಾಕಾನ ಮನೆಯಲ್ಲಿ ಹಾಕಿದೆ. ಕ್ಯಾಸೆಟ್ಟಿಗೆ ಎಂಜಿನ್ನಿನ ವೇಗ ಗೊತ್ತಿಲ್ಲವಲ್ಲ, ಎಂಜಿನ್ ಸ್ಟೇಷನ್ನಿನಲ್ಲಿ ನಿಂತ ಮೇಲೂ ಸದ್ದು ಓಡುತ್ತಲೇ ಇತ್ತು. ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. ಕಾಕಾ ಮಾತ್ರ ಗಂಭೀರವಾಗಿ, "ಇದು ಎಂಜಿನ್ ಅಲ್ಲ. ತಂಬಾಕು ಹಾಕ್ಕೊಂಡ ಮನಷ್ಯಾ" ಎಂದರು.

ಸದ್ದು ಚಕ್ರದಿಂದಲೇ ಹುಟ್ಟಬೇಕು ಎಂದು ಅಲ್ಲಿಗೆ ಖಚಿತವಾಯಿತು. ಚಕ್ರ ಒಂದು ಸುತ್ತು ತಿರುಗಿದರೆ ಎಂಜಿನ್ ಎಷ್ಟು ಸಲ ಉಸಿರು ಬಿಡುತ್ತದೆ? ಎರಡು ಸಲ ಎಂದು ನನಗೆ ಪಕ್ಕಾ ನೆನಪಿತ್ತು. ಚಿಕ್ಕಂದಿನಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಣಿಸಿದ್ದೆ. ಪುಸ್ತಕ ತೆರೆದರೆ, ಎರಡು ಸಿಲಿಂಡರ್, ಪ್ರತಿಯೊಂದಕ್ಕೂ ಹಿಂದೆ ಮುಂದೆ ಎರಡೂ ಕಡೆ ಉಗಿ, ಒಟ್ಟು ನಾಲ್ಕು. ಕಾಕಾನನ್ನು ಕೇಳಿದೆ.

"ನಾಕು. ಪುಸ್ತಕ ಬರೋಬ್ಬರಿ ಅದ. ನಿಮ್ಮ ನೆನಪ ಬಿಲ್ಕುಲ್ ಖೊಟ್ಟಿ ಅದ."

ಎಣಿಸಿದ ಹುಡುಗ ಸುಳ್ಳಾದರೆ, ಅವನು ನಿಂತಿದ್ದ ಪ್ಲಾಟ್‌ಫಾರ್ಮಾದರೂ ನಿಜವೇ ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಎಂಜಿನ್ನಿನ ದೊಡ್ಡ ಚಕ್ರದ ಸುತ್ತಳತೆ ನಾಲ್ಕು ಇಂಚು. ಅಂದರೆ ಪ್ರತಿ ಇಂಚಿಗೊಂದು ಉಸಿರು. ಎರಡು ಹಳಿಗಳ ನಡುವೆ ಇಂಚಿಗೊಂದರಂತೆ ಸಣ್ಣ ಹಿತ್ತಾಳೆ ಮೊಳೆ ಹೊಡೆದು, ಅವನ್ನೆಲ್ಲ ಹಲಗೆಯ ಕೆಳಗೆ ಒಂದೇ ತಂತಿಗೆ ಬೆಸೆಯುವುದು. ಎಂಜಿನ್ನಿನ ಹೊಟ್ಟೆಗೆ ಒಂದು ತೆಳುವಾದ ಹಿತ್ತಾಳೆ ನಾಲಿಗೆ ಕಟ್ಟುವುದು. ನಾಲಿಗೆ ಮೊಳೆಗೆ ತಾಗಿದಾಗಲೆಲ್ಲ ಸರ್ಕ್ಯೂಟಿಗೆ ಒಂದು ತಟ್ಟು. ಎಂಜಿನ್ ನಿಧಾನವಾದರೆ ಉಸಿರೂ ನಿಧಾನ, ನಿಂತರೆ ನಿಶ್ಶಬ್ದ. ಸುತ್ತು ಪೂರ್ತಿಯಾಗಲು ನೂರ ತೊಂಬತ್ತರ ಹತ್ತಿರ ಮೊಳೆ ಬೇಕಾದವು. ಒಂದೊಂದನ್ನೇ ಅಳೆಯುತ್ತ ಕೂತರೆ ತಪ್ಪಾಗುತ್ತದೆಂದು ನಾಲ್ಕು ತೂತಿನ ಒಂದು ಕಟ್ಟಿಗೆ ಪಟ್ಟಿ ಮಾಡಿಕೊಂಡೆ. ಅದನ್ನಿಟ್ಟು ನಾಲ್ಕು ಗುರುತು, ಪಟ್ಟಿಯ ತುದಿಗೆ ಪೆನ್ಸಿಲ್ ಗೆರೆ, ಗೆರೆಯಿಂದ ಮುಂದೆ ಮತ್ತೆ ಪಟ್ಟಿ. ಅಂಗಡಿಗೆ ಮಧ್ಯಾಹ್ನ ಬಾಗಿಲು ಹಾಕಿ ಹೋಗಿ ನಾನು ಹೊಡೆಯುತ್ತಿದ್ದೆ, ಕಾಕಾ ಕೆಳಗೆ ಮಲಗಿ ಬೆಸುಗೆ ಹಾಕುತ್ತಿದ್ದರು. ಅವರ ಬೆಸುಗೆ ನನ್ನದಕ್ಕಿಂತ ಸ್ವಚ್ಛವಾಗಿತ್ತು.

ಸದ್ದಿನ ಮೂಲ ಒಂದು ಮಾಮೂಲಿ ಟ್ರಾನ್ಸಿಸ್ಟರು. ಅದರ ಎರಡು ಕಾಲುಗಳಿಗೆ ಉಲ್ಟಾ ವೋಲ್ಟೇಜು ಕೊಟ್ಟರೆ ಒಳಗೆ ಸಣ್ಣ ಸೋರಿಕೆ ಶುರುವಾಗುತ್ತದೆ. ಅದನ್ನು ದೊಡ್ಡದು ಮಾಡಿ ಕೇಳಿದರೆ ಉಗಿ ಸೋರಿದಂತೆಯೇ ಹಿಸ್ಸೆನ್ನುತ್ತದೆ. ಎಲ್ಲ ಟ್ರಾನ್ಸಿಸ್ಟರುಗಳೂ ಒಂದೇ ಥರ ಹಿಸ್ಸೆನ್ನುವುದಿಲ್ಲ. ನೋಟುಬುಕ್ಕಿನ ಪ್ರಕಾರ ಹನ್ನೊಂದನ್ನು ಪರೀಕ್ಷಿಸಿ, ಹನ್ನೆರಡನೆಯದನ್ನು ಇಟ್ಟುಕೊಂಡೆ. ದೊಡ್ಡದು ಮಾಡಲು ಒಂದು ಸತ್ತ ಪಾಕೆಟ್ ರೇಡಿಯೋದ ಆಂಪ್ಲಿಫೈಯರ್ ಭಾಗ, ಅದರದೇ ಎರಡಿಂಚಿನ ಸ್ಪೀಕರು. ಮೊಳೆಯ ತಟ್ಟು ಬಂದಾಗ ಒಂದು ಕೆಪಾಸಿಟರ್ ತುಂಬಿ, ಮೆಲ್ಲಗೆ ಖಾಲಿಯಾಗುವವರೆಗೆ ಮಾತ್ರ ಹಿಸ್ಸು ಹೊರಬರುವಂತೆ ಬಾಗಿಲು ಕಟ್ಟಿದೆ.

ಮೊದಲ ದಿನ ಉಗಿಯ ಬದಲು ಮೋಟಾರಿನ ಗೊರಗೊರ ಬಂತು. ಮೋಟಾರಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕಿ, ಸದ್ದಿನ ಸರ್ಕ್ಯೂಟಿಗೆ ಬೇರೆ ಬ್ಯಾಟರಿ ಕೊಟ್ಟ ಮೇಲೆ ಅದು ಹೋಯಿತು. ತಿರುವಿನಲ್ಲಿ ನಾಲಿಗೆ ಮೊಳೆ ತಪ್ಪಿಸಿ ಎಂಜಿನ್ನಿಗೆ ಉಬ್ಬಸ ಬರುತ್ತಿತ್ತು. ಸೈಕಲ್ ಬ್ರೇಕಿನ ಕೇಬಲ್ ಬಿಚ್ಚಿ, ಎಳೆಗಳನ್ನು ಕಸಬರಿಗೆಯಂತೆ ಹರವಿ ಕಟ್ಟಿದೆ. ಅದೂ ಸರಿಹೋಯಿತು. ಎಂಜಿನ್ ಸ್ಟೇಷನ್ನಿನಿಂದ ಕದಲಿ, ಹ್ಸ್... ಹ್ಸ್... ಎಂದು ಗೇಟು ದಾಟಿ ವೇಗ ಹಿಡಿದಾಗ ಕಾಕು ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತರು.

"ಅಯ್ಯ, ಖರೇನ ಗಾಡಿ ಬಂದಂಗ ಆತಲ್ಲೋ ತಮ್ಮಾ."

ಕಾಕಾ ಹಲಗೆಯ ಅಂಚು ಹಿಡಿದು ತಲೆ ಬಗ್ಗಿಸಿ ನಿಂತಿದ್ದರು. ಮೂರು ಸುತ್ತು ಮುಗಿದ ಮೇಲೆ, "ಇಲ್ಲ. ಇದ್ರಾಗ ದಮ್ ಇಲ್ಲ" ಎಂದರು.

ಅಲ್ಲಿಂದ ಮೂರು ವಾರ ನನ್ನ ನೋಟುಬುಕ್ಕು ಬರೀ ಕಾಟು ಹೊಡೆದ ಅಂಕಿಗಳಿಂದ ತುಂಬಿದೆ. ಹಿಸ್ಸನ್ನು ಉದ್ದ ಮಾಡಿದೆ, ಗಿಡ್ಡ ಮಾಡಿದೆ, ಜೋರು ಮಾಡಿದೆ. ಇನ್ನೂ ಚೂಪಾಗಲಿ ಎಂದು ಸ್ಪೀಕರನ್ನು ಡಬ್ಬಿಯಲ್ಲಿ ಕೂರಿಸಿದೆ. ಹಾದು ಹೋಗುವವರು ಕಿಟಕಿಯಲ್ಲಿ ಇಣುಕಿ ಭೇಷ್ ಎನ್ನುತ್ತಿದ್ದರು. ಕಾಕಾನದು ಅದೇ ಮಾತು, ದಮ್ ಇಲ್ಲ. ಏನು ಕಡಿಮೆಯಾಗಿದೆ ಎಂದು ಕೇಳಿದರೆ, "ಅದು ಹೇಳಾಕ ಬರಂಗಿಲ್ರಿ. ಇದ್ರ ಗೊತ್ತಾಗ್ತದ" ಎನ್ನುತ್ತಿದ್ದರು.

ಅವರ ನೆನಪೂ ನನ್ನದರಂತೆ ಹಾಳಾಗಿರಬೇಕು ಎಂದುಕೊಂಡೆ. ಮೂವತ್ತು ವರ್ಷ ಕೇಳಿದ ಸದ್ದು ಮನಸ್ಸಿನಲ್ಲಿ ಬೆಳೆಬೆಳೆದು ಯಾವ ಸ್ಪೀಕರಿಗೂ ಹಿಡಿಸದಷ್ಟು ದೊಡ್ಡದಾಗಿದೆ, ಇವರಿಗೆ ಬೇಕಾದ ಎಂಜಿನ್ ಯಾವತ್ತೂ ಇರಲೇ ಇಲ್ಲ. ಇದು ನನಗೆ ಒಪ್ಪುವ ವಿವರಣೆಯಾಗಿತ್ತು, ಯಾಕೆಂದರೆ ನನ್ನ ತಪ್ಪು ಅದರಲ್ಲಿ ಇರಲಿಲ್ಲ.

ರಜೆ ಮುಗಿಯುತ್ತ ಬಂತು. ಅಕ್ಕೋರು ಒಮ್ಮೆ ಬಂದು ಹೋದರು. ಎಂಜಿನ್ ಓಡಿಸಿ ತೋರಿಸಿದೆ. ಖುಷಿಯಾಗಿ, "ಇಷ್ಟು ಚೆಂದ ಆಗ್ಯದ, ಮತ್ತ್ಯಾಕ ತಡಾ?" ಎಂದರು. ಕಾಕಾ ಎಂಜಿನ್ನಿನ ಕಡೆಯೇ ನೋಡುತ್ತಿದ್ದರು. ಅಕ್ಕೋರು ಕಾಕುವಿನ ಕಡೆ ತಿರುಗಿ, "ಕೊಡೂ ಮನಸ್ಸಿಲ್ಲಂದ್ರ ಹೇಳಿಬಿಡ್ರಿ ಅತ್ತಿ. ಸಾಲ್ಯಾಗ ಹಲಗಿಗಂತ ಬಿಟ್ಟ ಕೋಣ್ಯಾಗ ನಾ ನಕಾಶೆ ಹಚ್ಚತೇನಿ. ಮಕ್ಕಳಿಗೆ ರೈಲು ಬರ್ತದ ಅಂತ ಹೇಳಿಬಿಟ್ಟೇನಿ, ಅದೊಂದು ತಪ್ಪಾತು" ಎಂದರು. ಬಿರುಸಿನ ಮಾತಲ್ಲ. ಅದಕ್ಕೇ ಹೆಚ್ಚು ತಾಗಿತು.

ಅವರು ಹೋದ ಮೇಲೆ ನಾನೂ ಅಂದೆ. "ಕಾಕಾ, ಅಕ್ಕೋರು ಹೇಳಿದ್ದು ಖರೇ ಏನು? ಮಾತು ಕೊಟ್ಟೀರಿ, ಈಗ ಕೊಡಾಕ ಆಗವಲ್ದು. ನೆವಾ ನನ್ನ ಸರ್ಕೀಟಿಂದು."

ಕಾಕಾ ಎಂಜಿನ್ನನ್ನು ಕೈಗೆತ್ತಿಕೊಂಡು ಅಂಗಿಯ ತುದಿಯಿಂದ ಅದರ ಚಿಮಣಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಮಾತು ಕೊಟ್ಟೇನಿ, ಕೊಡ್ತೇನಿ. ನೀವು ಅದು ಉಸುರು ಬಿಡೂದು ಕೇಳಸ್ರಿ" ಎಂದರು. ನಾನು ಆ ನೆವದ ಮಾತನ್ನು ಆಡಬಾರದಿತ್ತು ಎಂದು ಆಗಲೇ ಅನಿಸಿತು. ಹಿಂದೆ ತೆಗೆದುಕೊಳ್ಳಲಿಲ್ಲ.

ಮರುದಿನವೋ ಅದರ ಮರುದಿನವೋ, ಬೇಳೆ ಬೇಯಲಿಟ್ಟು ಪಕ್ಕದ ಮನೆಗೆ ಹೊರಟ ಕಾಕು ಬಾಗಿಲಲ್ಲಿ ನಿಂತು ನನಗೆ ಹೇಳಿದರು: "ತಮ್ಮಾ, ಮೂರು ಸೀಟಿ ಆದ ಮ್ಯಾಲೆ ಸ್ಟೋವ್ ಆರಿಸು. ಅವ್ರಿಗೆ ಹೇಳಬ್ಯಾಡ." ಅವರಿಗೆ ಹೇಳಬೇಡ ಎಂದದ್ದನ್ನು ನಾನು ಗಮನಿಸಲಿಲ್ಲ. ನಾನು ಹಲಗೆಯ ಕೆಳಗೆ ಮಲಗಿ ಒಂದು ತಂತಿ ಬಿಡಿಸುತ್ತಿದ್ದೆ. ಕಾಕಾ ಅಡುಗೆಮನೆಯ ಹೊಸ್ತಿಲ ಹತ್ತಿರ, ಒಲೆಯಿಂದ ನಾಲ್ಕು ಮೊಳ ದೂರದಲ್ಲಿ ಕೂತು ಮಿಕ್ಕ ಮೊಳೆ ಉಜ್ಜುತ್ತಿದ್ದರು. ಕುಕ್ಕರ್ ಕೂಗಿತು. ನಾನು ಕೆಳಗಿಂದಲೇ ಬೆಚ್ಚಿದೆ. ಕಾಕಾನ ಕೈ ನಿಲ್ಲಲಿಲ್ಲ. ಎರಡನೆಯದಕ್ಕೆ ಹೊರಬಂದು ಅವರ ಮುಖವನ್ನೇ ನೋಡಿದೆ. ಮೂರನೆಯದಕ್ಕೆ ಉಗಿ ಮನೆ ತುಂಬ ಚೀರಿತು. ಅವರು ಮೊಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ನೋಟುಬುಕ್ಕಿನಲ್ಲಿ ಆ ದಿನ ಬರೆದದ್ದು 'ಕುಕ್ಕರ್' ಎಂಬ ಒಂದೇ ಪದ. ಮೂರು ಸೀಟಿಯ ವಿವರವೆಲ್ಲ ನೆನಪಿನದು.

ಸ್ಟೋವ್ ಆರಿಸಿ ಹೊರಗೆ ಹೋದೆ. ಕಾಕು ಓಣಿಯಲ್ಲಿ ಸಿಕ್ಕರು. ನಾನು ಕೇಳುವ ಮೊದಲೇ ಅವರಿಗೆ ತಿಳಿಯಿತು.

"ಸೀಟಿ, ಗುಬ್ಬಿ, ಕೈಬಳೆ, ಸಣ್ಣ ಆವಾಜ್ ಒಂದೂ ಕೇಳಂಗಿಲ್ಲ ಅವ್ರಿಗೆ. ಬೆಂಕಿ ಮುಂದ ಕಲ್ಲಿದ್ದಲು ಹಾಕಿ ಹಾಕಿ, ಆಮ್ಯಾಲೆ ಸೀಟಿ ಹೊಡದು ಹೊಡದು ಕಿವಿ ಹೋಗ್ಯಾವ. ನಿನ್ನಂಥಾ ಗಂಡಸ್ರ ದಪ್ಪ ದನಿ ಕೇಳತದ. ನಾ ಹಿಂಗ ಒದರಿ ಒದರಿ ಮಾತಾಡೂದು ಮತ್ತ್ಯಾಕ ಅಂತ ಮಾಡಿದ್ದಿ?"

"ಹೇಳಬಾರದಿತ್ತೇನ್ರಿ ಕಾಕು, ಇಷ್ಟು ದಿನ?"

"ನೌಕ್ರಿಯಾಗ ಇದ್ದಾಗ ಕಿವಿ ಹೋಗ್ಯಾವ ಅಂತ ಗೊತ್ತಾದ್ರ ಎಂಜಿನ್ ಮ್ಯಾಲಿಂದ ಇಳಿಸ್ತಿದ್ರು. ಆವಾಗಿಂದ ಮುಚ್ಚಿ ಮುಚ್ಚಿ ಈಗ ನನ್ನ ಮುಂದೂ ಮುಚ್ಚತಾರ. ನೀ ಕೇಳಬ್ಯಾಡಪ್ಪ. ಕೇಳಿದ್ರ ಹಲಗಿ ಇವತ್ತ ಕೊಟ್ಟು ಸುಮ್ಮ ಕುಂದರತಾರ."

ಮೂರು ವಾರ ನಾನು ಸದ್ದನ್ನು ಚೂಪು ಮಾಡುತ್ತ, ಅವರಿಗೆ ಕೇಳದ ಕಡೆಗೇ ತಳ್ಳುತ್ತಿದ್ದೆ. ಎಲ್ಲರ ನೆನಪನ್ನೂ ಸಂಶಯಿಸಿದೆ, ಕೊನೆಗೆ ಅವರ ಮಾತನ್ನೂ ಸಂಶಯಿಸಿದೆ. ಕಿವಿಯೊಂದನ್ನು ಸಂಶಯಿಸಲಿಲ್ಲ. ಅವರು ಕೇಳುವಾಗಲೆಲ್ಲ ಹಲಗೆಯ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದರು ಎಂಬುದೂ ಆಗ ಹೊಳೆಯಿತು. ಊರುತ್ತಿದ್ದುದು ನಿಜವೋ, ಗೊತ್ತಾದ ಮೇಲೆ ನನ್ನ ನೆನಪು ಆ ಕೈಯನ್ನು ಅಲ್ಲಿ ತಂದಿಟ್ಟಿತೋ, ಪ್ರಮಾಣ ಮಾಡಿ ಹೇಳಲಾರೆ.

ಕೇಳುವುದಿಲ್ಲ ಎಂದು ನಿಶ್ಚಯಿಸಿದೆ. ಕಾಕಾನನ್ನು ಏನೂ ಕೇಳದೆ ಸರ್ಕ್ಯೂಟನ್ನೇ ಬದಲಿಸುವುದು.

ಅಂಗಡಿಯ ಅಟ್ಟದಲ್ಲಿ ವಾಲ್ವ್ ಕಾಲದ ರೇಡಿಯೋ ಒಂದಿತ್ತು. ಅದರ ಎಂಟಿಂಚಿನ ಸ್ಪೀಕರ್ ಬಿಚ್ಚಿ, ಹರಿದ ಕಡೆ ಕಾಗದ ಅಂಟಿಸಿದೆ. ಅದನ್ನು ಡಬ್ಬಿಯಲ್ಲಿಡದೆ ಸೀದಾ ಪ್ಲೈವುಡ್ಡಿನ ತಳಕ್ಕೆ ನಾಲ್ಕು ಸ್ಕ್ರೂಗಳಿಂದ ಬಿಗಿದೆ. ಹಲಗೆಯೇ ನಡುಗಬೇಕು. ಹಿಸ್ಸಿನ ಚೂಪನ್ನು ಒಂದು ದೊಡ್ಡ ಕೆಪಾಸಿಟರಿನಿಂದ ಬಸಿದು ತೆಗೆದೆ. ಮೊಳೆಯ ತಟ್ಟನ್ನು ಬಾಗಿಲು ತೆರೆಯಲಷ್ಟೇ ಬಳಸುತ್ತಿದ್ದೆನಲ್ಲ, ಅದನ್ನೇ ದೊಡ್ಡದು ಮಾಡಿ ಸ್ಪೀಕರಿಗೆ ಕೊಟ್ಟೆ. ಪ್ರತಿ ಮೊಳೆಗೂ ಒಂದು ದಪ್ಪ ಗುದ್ದು. ಹಳೆಯ ಸ್ಪೀಕರನ್ನು ತೆಗೆಯದೆ, ಮಕ್ಕಳಿಗೆಂದು ಮೆಲ್ಲಗೆ ಹಿಸ್ಸೆನ್ನಲು ಬಿಟ್ಟೆ.

"ಹೊಸಾ ಸ್ಪೀಕರ್ ಹಾಕೇನಿ ಕಾಕಾ. ಒಮ್ಮೆ ನೋಡ್ರಿ" ಎಂದೆ.

ಅವರು ಅಂಚಿಗೆ ಅಂಗೈ ಊರಿ ನಿಂತರು. ಈ ಸಲ ನಾನು ಗಮನವಿಟ್ಟು ನೋಡಿದೆ, ಇದು ನಿಜ. ವೇಗ ಏರಿಸುವ ರೆಗ್ಯುಲೇಟರ್ ತಿರುಗಿಸಿದರು. ಎಂಜಿನ್ ಕದಲಿತು. ಹಲಗೆ ಒಮ್ಮೆ ಅದುರಿತು, ಮತ್ತೊಮ್ಮೆ ಅದುರಿತು, ಸ್ಟೇಷನ್ನಿನ ಪುಟ್ಟ ಬೆಂಚು ತುಸು ಜರುಗಿತು. ಒಂದು ಸುತ್ತು ಆಯಿತು. ಕಾಕಾ ಇನ್ನೊಂದು ಅಂಗೈಯನ್ನೂ ಊರಿದರು. ಮೂರನೆಯ ಸುತ್ತಿಗೆ ಅವರ ಎಡಗಾಲು ನೆಲದ ಮೇಲೆ ತಾಳ ಹಾಕತೊಡಗಿತ್ತು. ಮುಖ ತಿರುಗಿಸಿಕೊಂಡಿದ್ದರು, ನನಗೆ ಕಾಣಲಿಲ್ಲ. ಕಾಕು ಬಾಗಿಲಲ್ಲಿ ನಿಂತಿದ್ದರು.

ಐದಾರು ಸುತ್ತಿನ ನಂತರ ಸ್ವಿಚ್ ಆರಿಸಿ, "ಒಂದು ಕಾಗದ ಕೊಡ್ರಿ" ಎಂದರು. ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟೆ. ಪೆನ್ಸಿಲಿನಿಂದ ನಿಧಾನವಾಗಿ ಬರೆದು ನನ್ನ ಕೈಗಿತ್ತರು. 'ನಾಲ್ಕನೇ ಉಸಿರು ತಡ. ನೋಡುವುದು.' ಕೆಳಗೆ ಸಹಿ.

"ಇದೇನ್ರಿ ಕಾಕಾ?"

"ಗಾಡಿ ಮುಗಿಸಿ ಶೆಡ್ಡಿಗೆ ಬಂದ ಡ್ರೈವರ್, ಎಂಜಿನ್ನಿಗೆ ಏನಾಗ್ಯದ ಅಂತ ಬರದು ಕೊಟ್ಟ ಮನಿಗೆ ಹೋಗಬೇಕು. ಬರೀಲಿಲ್ಲಂದ್ರ ಮುಂದಿನ ಡ್ರೈವರ್ ನಮಗ ಬೈತಾನ. ಮೂರು ಉಸುರು ಸರಿ ಅದಾವ, ನಾಕನೇದು ಕುಂಟತದ. ಖರೇ ಎಂಜಿನ್ ಆಗಿದ್ರ ವಾಲ್ವ್ ಸೆಟ್ಟಿಂಗ್ ಸರಿಯಿಲ್ಲ ಅಂತಿದ್ದೆ. ನಿಮ್ಮದ್ರಾಗ ಏನದನೋ, ಫಿಟ್ಟರ್ ನೀವು."

ನನಗೇನೂ ಕೇಳಿರಲಿಲ್ಲ. ಎರಡು ಒಳ್ಳೆಯ ಕಿವಿಗಳಿಂದ ಒಂದು ತಿಂಗಳು ಕೇಳಿದ್ದೆ, ಉಸಿರು ಸಮವಾಗಿಯೇ ಇತ್ತು. ಅವರ ಸಮಾಧಾನಕ್ಕೆಂದು ಸ್ಕೇಲು ಹಿಡಿದು ಮೊಳೆಗಳನ್ನು ಅಳೆಯಲು ಕೂತೆ. ಒಂದಿಂಚು, ಒಂದಿಂಚು, ಒಂದಿಂಚು. ನಾಲ್ಕನೆಯ ಅಂತರ ಸುಮಾರು ಎರಡು ಮಿಲಿಮೀಟರು ಹೆಚ್ಚು. ಮುಂದೆಯೂ ಹಾಗೇ. ಸುತ್ತಿನ ಉದ್ದಕ್ಕೂ ಹಾಗೇ. ಪಟ್ಟಿಯ ತುದಿಗೆ ಬಡಗಿ ಪೆನ್ಸಿಲಿನ ದಪ್ಪ ಗೆರೆ ಎಳೆದು, ಪ್ರತಿ ಸಲವೂ ಗೆರೆಯ ಆಚೆಯಿಂದ ಪಟ್ಟಿ ಇಟ್ಟಿದ್ದೆ; ಗೆರೆಯ ದಪ್ಪವೂ ಅಂತರಕ್ಕೆ ಸೇರಿತ್ತು. ತಪ್ಪಾಗಬಾರದೆಂದು ಮಾಡಿಕೊಂಡ ಪಟ್ಟಿಯೇ ತಪ್ಪನ್ನು ನಾಲ್ಕಕ್ಕೊಂದು ಸಲ ಕ್ರಮವಾಗಿ ಹಾಕುತ್ತ ಹೋಗಿತ್ತು.

ಮೊಳೆ ಕಿತ್ತರೆ ಕೆಳಗಿನ ಬೆಸುಗೆಯೆಲ್ಲ ಹೋಗುತ್ತದೆ. ಎಂಜಿನ್ ಒಂದೇ ದಿಕ್ಕಿಗೆ ಓಡುವುದರಿಂದ, ಮೊಳೆಗಳ ತಲೆಯನ್ನು ಇಕ್ಕಳದಿಂದ ಮುಂದಕ್ಕೆ ಬಾಗಿಸಿದೆ. ನಾಲ್ಕರಲ್ಲಿ ಮೊದಲನೆಯದನ್ನು ಮುಟ್ಟಲಿಲ್ಲ. ಎರಡನೆಯದನ್ನು ಅಣುವಷ್ಟು, ಮೂರನೆಯದನ್ನು ಇನ್ನಷ್ಟು, ನಾಲ್ಕನೆಯದನ್ನು ಎಲ್ಲಕ್ಕಿಂತ ಹೆಚ್ಚು. ಹೆಚ್ಚಾದ ಅಂತರ ನಾಲ್ಕರಲ್ಲೂ ಹಂಚಿಹೋಗಬೇಕು. ಎರಡು ಮಧ್ಯಾಹ್ನ ಹಿಡಿಯಿತು. ಒಂದು ಮೊಳೆ ಮುರಿಯಿತು, ಅದರ ಬದಲು ಬೇರೆ ಹೊಡೆದು ಕಾಕಾನಿಂದ ಬೆಸುಗೆ ಹಾಕಿಸಿದೆ. ಬೆಸುಗೆ ಹಾಕುತ್ತ ಅವರು ಕೆಳಗಿನಿಂದ, "ಎಮ್ಮೆಸ್ಸಿ ಸಾಹೇಬ್ರು ಪಟ್ಟಿ ಇಟ್ಟು ಹೊಡದ್ರಲ್ಲ" ಎಂದು ನಕ್ಕದ್ದು ಕೇಳಿಸಿತು. ಆ ವಾರದಲ್ಲಿ ಅವರು ನನ್ನೊಡನೆ ನಕ್ಕದ್ದು ಅದೇ ಮೊದಲು.

ಅಕ್ಕೋರಿಗೆ ಕಾಗದ ಹೋಯಿತು. ಶಾಲೆ ತೆರೆಯುವ ಹಿಂದಿನ ದಿನ ಜೇವರ್ಗಿ ಕಡೆಯಿಂದ ಒಂದು ಟೆಂಪೋ ತೆಗೆದುಕೊಂಡು ಬಂದರು. ಹಲಗೆ ಹೊರಲು ಓಣಿಯ ನಾಲ್ಕು ಮಂದಿ ಬಂದು ಮೂಲೆಗೊಬ್ಬರು ನಿಂತರು. ಕಾಕಾ ಕೈ ಅಡ್ಡ ಮಾಡಿದರು.

"ತಡೀರಿ. ಫಿಟ್ಟರ್ ಕೆಲಸ ನೋಡಿಲ್ಲ ಇನ್ನಾ."

ಅಕ್ಕೋರು ನನ್ನತ್ತ ನೋಡಿದರು. ನಾನು ಬ್ಯಾಟರಿ ಕೂಡಿಸಿದೆ. ಕಾಕಾ ಅಂಗೈ ಊರಿ ಎಂಜಿನ್ ಹೊರಡಿಸಿದರು. ಅಕ್ಕೋರು ನನ್ನ ಕಿವಿಯ ಹತ್ತಿರ, "ಮೊದಲಿಂದ ಚೆಂದ ಇತ್ತಲ್ರಿ. ಈಗ ಡೊಳ್ಳು ಬಡದಂಗ ಆಗ್ಯದ" ಎಂದರು. ಮಕ್ಕಳಿಗೆ ದಪ್ಪ ಸದ್ದು ಬೇಡವೆನಿಸಿದರೆ ಆರಿಸಲು ಬದಿಯಲ್ಲಿ ಒಂದು ಸ್ವಿಚ್ ಇದೆ ಎಂದೆ. "ಮತ್ತ್ಯಾರಿಗೆ ಹಾಕೀರಿ ಇದು?" ಎಂದು ಕೇಳುತ್ತ ಅವರು ಕಾಕಾನ ಕೈಯನ್ನು ನೋಡಿದರು. ಆಮೇಲೆ ಕೇಳಲಿಲ್ಲ.

ನಾಲ್ಕು ಮಂದಿ ಮೂಲೆಗಳಲ್ಲಿ ಕಾಯುತ್ತಿದ್ದರು. ಎಂಜಿನ್ ಗೇಟು ದಾಟಿತು, ತೊಗರಿ ಹೊಲ ದಾಟಿತು, ತಿರುವಿನಲ್ಲಿ ಉಸಿರು ಹಿಡಿಯಲಿಲ್ಲ. ಕಾಕಾನ ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಒಂದು, ಎರಡು, ಮೂರು, ನಾಲ್ಕು. ಎಷ್ಟು ಸುತ್ತು ಎಂದು ನಾನು ಎಣಿಸಲಿಲ್ಲ. ಎಣಿಸಿದ್ದರೂ ಈಗ ನಂಬುತ್ತಿರಲಿಲ್ಲ. ಕೊನೆಗೆ ಎಂಜಿನ್ನನ್ನು ಸ್ಟೇಷನ್ನಿನಲ್ಲಿ ತಂದು ನಿಲ್ಲಿಸಿ, ಕಾಕಾ ಹಲಗೆಯಿಂದ ಎರಡೂ ಕೈ ತೆಗೆದರು.

"ಬರೋಬ್ಬರಿ ಅದ. ಎತ್ರಿ" ಎಂದರು.